ಫಾರ್ಮ್ಯಾಟ್ ಹೊಡೆಸುವ ಮುನ್ನ: ಕೈಕೊಟ್ಟ ಅಪ್‌ಡೇಟ್‌ಗಳ ಚರಿತ್ರೆ

"ಅಪ್‌ಡೇಟ್ ಕೊಡಬೇಡ ಮಾರಾಯ, ಸಿಸ್ಟಂ ಕೂತುಬಿಡುತ್ತೆ." ಮನೆಯಲ್ಲಿ ಹಳೇ ಕಂಪ್ಯೂಟರ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಸಾಮಾನ್ಯ. ಕೂತೇಬಿಟ್ಟಿತು ಅನ್ನಿ, ಆಗ ಅದನ್ನು ಬ್ಯಾಗಿಗೆ ಹಾಕಿಕೊಂಡು ತಾಲ್ಲೂಕು ಕೇಂದ್ರದ ಸರ್ವಿಸ್ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಸಿಗುವ ಉತ್ತರವೂ ನಮಗೆ ಗೊತ್ತಿದ್ದದ್ದೇ: "ಫಾರ್ಮ್ಯಾಟ್ ಹೊಡೀಬೇಕು."

ಫಾರ್ಮ್ಯಾಟ್ ಅಂದರೆ ಡಿಸ್ಕ್ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದು. ಯಂತ್ರವೇನೋ ಮತ್ತೆ ಓಡುತ್ತದೆ. ಆದರೆ ಒಳಗಿದ್ದ ಮದುವೆ ಫೋಟೊ, ಸ್ವಸಹಾಯ ಸಂಘದ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿಟ್ಟ ಅರ್ಜಿ, ಮಕ್ಕಳ ಪ್ರಾಜೆಕ್ಟ್ ಇವೆಲ್ಲ ಬೇರೆ ಕಡೆ ಕಾಪಿ ಇಲ್ಲದಿದ್ದರೆ ಹೋದವು ಎಂದೇ ಲೆಕ್ಕ.

ಅಪ್‌ಡೇಟ್ ಬಗ್ಗೆ ನಮ್ಮ ಜನಕ್ಕಿರುವ ಭಯ ಸುಳ್ಳಲ್ಲ, ಅದಕ್ಕೆ ಇಪ್ಪತ್ತೈದು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದೇ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಅಪ್‌ಡೇಟ್ ಕೈಕೊಟ್ಟಾಗ ರಿಪೇರಿ ಮಾಡಲು ಬೇಕಾದ ಸಲಕರಣೆಗಳು ಇಂದು ವಿಂಡೋಸ್ ಒಳಗೇ ಕೂತಿವೆ. ಅವುಗಳಲ್ಲಿ ಬಹಳಷ್ಟು ಯಾವುದೋ ಒಂದು ತೊಂದರೆ ಕಲಿಸಿದ ಪಾಠದಿಂದ ಬಂದವು. ಯಾವುದು ಯಾಕೆ ಬಂತು ಎಂದು ತಿಳಿದರೆ ಯಾವಾಗ ಯಾವುದನ್ನು ಬಳಸಬೇಕು ಎಂಬುದೂ ತಿಳಿಯುತ್ತದೆ. ಫಾರ್ಮ್ಯಾಟ್ ಆ ಸಾಲಿನಲ್ಲಿ ಕಟ್ಟಕಡೆಯದು.

ಫ್ಲಾಪಿ, ಸಿಡಿ ಕಾಲ

1995ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 95 ಬಿಡುಗಡೆ ಮಾಡಿತು. ಮನೆ ಕಂಪ್ಯೂಟರ್‌ಗೆ ವಿಂಡೋಸ್ ಮನೆಮಾತಾದದ್ದು ಇಲ್ಲಿಂದ. ಆಗ ತಪ್ಪು ತಿದ್ದಬೇಕಾದರೆ ಫ್ಲಾಪಿಯೋ ಸಿಡಿಯೋ ತಂದು ಹಾಕಬೇಕಿತ್ತು. ಬಹುತೇಕರು ಕೊಂಡಾಗ ಹೇಗಿತ್ತೋ ಹಾಗೆಯೇ ಬಳಸುತ್ತಿದ್ದರು.

ಆ ಕಾಲದ ದೊಡ್ಡ ಕಾಟ ಡಿಎಲ್‌ಎಲ್ ಫೈಲ್‌ಗಳದ್ದು. ಊರಿನಲ್ಲಿ ನಾಲ್ಕು ಮನೆಗೆ ಒಂದೇ ಏಣಿ ಇದ್ದಂತೆ, ಹಲವು ಪ್ರೋಗ್ರಾಂಗಳು ಸೇರಿ ಬಳಸುವ ಫೈಲ್‌ಗಳು ಇವು. ಹೊಸ ಪ್ರೋಗ್ರಾಂ ಹಾಕಿದಾಗ ಅದು ತನಗೆ ಬೇಕಾದ ಡಿಎಲ್‌ಎಲ್ ಅನ್ನು ಹಳೆಯದರ ಮೇಲೆ ಬರೆದುಬಿಡುತ್ತಿತ್ತು. ಹೊಸದು ಓಡುತ್ತಿತ್ತು, ಹಳೆಯದು ನಿಲ್ಲುತ್ತಿತ್ತು. ಕಂಪ್ಯೂಟರ್ ಬಲ್ಲವರು ಇದಕ್ಕೆ 'ಡಿಎಲ್‌ಎಲ್ ನರಕ' ಎಂದೇ ಹೆಸರಿಟ್ಟಿದ್ದರು.

ವಿಂಡೋಸ್ 95ರಲ್ಲೇ ಒಂದು ಉಪಾಯ ಬಂದಿತ್ತು: ಸೇಫ್ ಮೋಡ್. ಅತ್ಯಗತ್ಯವಾದ ಭಾಗಗಳನ್ನಷ್ಟೇ ಇಟ್ಟುಕೊಂಡು ಯಂತ್ರವನ್ನು ಎಬ್ಬಿಸುವ ವಿಧಾನ ಅದು. ಮುಂದೆ 2024ರಲ್ಲಿ ಜಗತ್ತಿನ ವಿಮಾನ ನಿಲ್ದಾಣಗಳನ್ನು ಮತ್ತೆ ಎಬ್ಬಿಸಿದ್ದೂ ಇದೇ ಸೇಫ್ ಮೋಡ್. ಆ ಕಥೆಗೆ ಆಮೇಲೆ ಬರೋಣ.

1998ರ ಜೂನ್ 25ರಂದು ಬಂದ ವಿಂಡೋಸ್ 98ರ ಜೊತೆ ಎರಡು ಹೊಸ ಸಂಗತಿಗಳು ಬಂದವು. ಒಂದು, ಇಂಟರ್‌ನೆಟ್ ಮೂಲಕ ತಿದ್ದುಪಡಿ ಇಳಿಸಿಕೊಳ್ಳುವ 'ವಿಂಡೋಸ್ ಅಪ್‌ಡೇಟ್'. ಇನ್ನೊಂದು, ಕೆಟ್ಟ ಸಿಸ್ಟಂ ಫೈಲ್‌ಗಳನ್ನು ಹುಡುಕಿ ಸರಿಪಡಿಸುವ 'ಸಿಸ್ಟಂ ಫೈಲ್ ಚೆಕರ್'. ಇವತ್ತು ಟೆಕ್ನಿಷಿಯನ್ ಹುಡುಗರು ಕಪ್ಪು ಕಿಟಕಿ ತೆರೆದು ಎಸ್‌ಎಫ್‌ಸಿ ಎಂದು ಟೈಪ್ ಮಾಡುತ್ತಾರಲ್ಲ, ಅದು ಇದೇ.

2000ದಲ್ಲಿ ವಿಂಡೋಸ್ ಎಂಇ ಬಂತು. ಆಗಾಗ ನಿಂತುಹೋಗುವ ಆವೃತ್ತಿ ಎಂದು ಅದು ಹೆಸರು ಕೆಡಿಸಿಕೊಂಡಿತು. ಆದರೂ ತಾನಾಗಿಯೇ ಅಪ್‌ಡೇಟ್ ತರಿಸಿಕೊಳ್ಳುವ ವ್ಯವಸ್ಥೆ ಮತ್ತು 'ಸಿಸ್ಟಂ ರಿಸ್ಟೋರ್' ಎರಡೂ ಬಂದದ್ದು ಅದರಲ್ಲೇ. ಸಿಸ್ಟಂ ರಿಸ್ಟೋರ್ ಎಂದರೆ ಯಂತ್ರ ಚೆನ್ನಾಗಿದ್ದ ದಿನದ ಸ್ಥಿತಿಯನ್ನು ಗುರುತು ಮಾಡಿಟ್ಟು, ಕೆಟ್ಟಾಗ ಅಲ್ಲಿಗೆ ಮರಳುವುದು. ಇದು ನಿಮ್ಮ ಫೋಟೊ, ಪತ್ರಗಳನ್ನು ಮುಟ್ಟುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್, ಡ್ರೈವರ್, ಪ್ರೋಗ್ರಾಂಗಳನ್ನಷ್ಟೇ ಹಿಂದಕ್ಕೆ ತಿರುಗಿಸುತ್ತದೆ.

ಮರುವರ್ಷ, 2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಂತು. ಅದರ ಜೊತೆ ಬಂದ 'ಬಿಟ್ಸ್' ಎಂಬ ಸೇವೆ ಅಪ್‌ಡೇಟ್ ಅನ್ನು ಹಿನ್ನೆಲೆಯಲ್ಲಿ ಹನಿಹನಿಯಾಗಿ ಇಳಿಸುತ್ತದೆ. ನೆಟ್ ಕಡಿದರೆ ಮೊದಲಿಂದ ಶುರು ಮಾಡದೆ ನಿಂತಲ್ಲಿಂದ ಮುಂದುವರಿಸುತ್ತದೆ. ಸಿಗ್ನಲ್ ಹೋಗಿ ಬರುವ ನಮ್ಮೂರುಗಳಿಗೆ ಇದು ದೊಡ್ಡ ಉಪಕಾರ.

ಮದ್ದು ಬಂದು 26 ದಿನದ ಮೇಲೆ ರೋಗ

2003ರ ಜುಲೈ 16ರಂದು ಮೈಕ್ರೋಸಾಫ್ಟ್ ಒಂದು ಭದ್ರತಾ ತಿದ್ದುಪಡಿ ಹೊರಡಿಸಿತು. ಹಾಕಿಕೊಳ್ಳದೇ ಬಿಟ್ಟವರು ಬಹಳ. ಆಗಸ್ಟ್ 11ರಂದು ಅದೇ ಬಿರುಕಿನಿಂದ ಬ್ಲಾಸ್ಟರ್ ಎಂಬ ಹುಳು ನುಗ್ಗಿತು. ಯಾವ ಫೈಲೂ ತೆರೆಯಬೇಕಿರಲಿಲ್ಲ, ಯಂತ್ರ ನೆಟ್‌ಗೆ ಸೇರಿದ್ದರೆ ಸಾಕಿತ್ತು. "60 ಸೆಕೆಂಡಿನಲ್ಲಿ ಯಂತ್ರ ಮುಚ್ಚಲಿದೆ" ಎಂಬ ಪೆಟ್ಟಿಗೆ ಮೂಡಿ ಕಂಪ್ಯೂಟರ್ ಆಫ್ ಆಗಿ ಮತ್ತೆ ಏಳುತ್ತಿತ್ತು. ಎದ್ದ ಮೇಲೆ ಮತ್ತೆ ಅದೇ ಕಥೆ.

ವ್ಯಂಗ್ಯ ನೋಡಿ. ಮದ್ದು ಇಂಟರ್‌ನೆಟ್‌ನಲ್ಲಿತ್ತು, ಅದನ್ನು ಇಳಿಸಿಕೊಳ್ಳುವಷ್ಟು ಹೊತ್ತು ಯಂತ್ರ ನಿಲ್ಲುತ್ತಿರಲಿಲ್ಲ. ಬಲ್ಲವರು ಮೊದಲು ಆ ಎಣಿಕೆ ನಿಲ್ಲಿಸುವ ಆದೇಶ ಕೊಟ್ಟು, ಆಮೇಲೆ ತಿದ್ದುಪಡಿ ಇಳಿಸಿಕೊಳ್ಳುವುದನ್ನು ಕಂಡುಕೊಂಡರು. ಇನ್ನೊಂದು ವ್ಯಂಗ್ಯ, ಆ ಹುಳು ಆಗಸ್ಟ್ 16ರಂದು ವಿಂಡೋಸ್ ಅಪ್‌ಡೇಟ್‌ನ ವಿಳಾಸದ ಮೇಲೇ ದಾಳಿ ಮಾಡಲು ಸಿದ್ಧವಾಗಿತ್ತು. ಮೈಕ್ರೋಸಾಫ್ಟ್ ಆ ವಿಳಾಸವನ್ನೇ ಕೈಬಿಟ್ಟು ದಾಳಿ ತಪ್ಪಿಸಿಕೊಂಡಿತು.

ಅದೇ ಅಕ್ಟೋಬರ್‌ನಿಂದ ಒಂದು ಕಟ್ಟುಪಾಡು ಬಂತು: ಭದ್ರತಾ ತಿದ್ದುಪಡಿಗಳೆಲ್ಲ ತಿಂಗಳ ಎರಡನೇ ಮಂಗಳವಾರ ಒಟ್ಟಿಗೆ ಬರುತ್ತವೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆ ಎಂದರೆ ನಮಗೆ ರಾತ್ರಿ 10.30 ಅಥವಾ 11.30. ಹಾಗಾಗಿ ಬುಧವಾರ ಬೆಳಗ್ಗೆ ಕಂಪ್ಯೂಟರ್ ಹಾಕಿದಾಗ ಅಪ್‌ಡೇಟ್ ಕಾದಿರುತ್ತದೆ. ಆನ್‌ಲೈನ್ ಅರ್ಜಿ ಸಲ್ಲಿಸಲು ಕೊನೆಯ ದಿನ ಆ ಬುಧವಾರವೇ ಬಂದರೆ, ಕೆಲಸ ಮುಗಿಸಿಕೊಂಡು ಸಂಜೆ ಅಪ್‌ಡೇಟ್ ಕೊಡುವುದು ಜಾಣತನ.

2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಗೆ ಎರಡನೇ ಸರ್ವಿಸ್ ಪ್ಯಾಕ್ ಬಂತು. ಅಲ್ಲಿಯವರೆಗೆ ಆಫ್ ಆಗಿಯೇ ಇರುತ್ತಿದ್ದ ಫೈರ್‌ವಾಲ್ ಅಂದಿನಿಂದ ತಾನಾಗಿ ಆನ್ ಆಯಿತು. ಅಪ್‌ಡೇಟ್ ಆನ್ ಮಾಡಿಕೊಳ್ಳಿ ಎಂದು ಯಂತ್ರವೇ ಒತ್ತಾಯಿಸತೊಡಗಿತು.

ಶೇ. 0ಗೆ ನಿಂತ ಪರದೆ

2007ರ ಜನವರಿ 30ರಂದು ಬಂದ ವಿಂಡೋಸ್ ವಿಸ್ತಾದಲ್ಲಿ ಅಪ್‌ಡೇಟ್ ಕೂರಿಸುವ ಕ್ರಮವೇ ಬದಲಾಯಿತು. ಸಿಸ್ಟಂ ಭಾಗಗಳ ಶುದ್ಧ ಪ್ರತಿಗಳನ್ನು ಒಂದು ಕಡೆ ಶೇಖರಿಸಿಡುವ ಪದ್ಧತಿ ಬಂತು. ಇದನ್ನು ಕಾಂಪೊನೆಂಟ್ ಸ್ಟೋರ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬಿತ್ತನೆ ಬೀಜದ ಕಣಜ ಅನ್ನಿ. ಅಪ್‌ಡೇಟ್ ಬಂದಾಗ ಹೊಸ ಭಾಗ ಮೊದಲು ಈ ಕಣಜ ಸೇರುತ್ತದೆ. ಯಂತ್ರ ಆಫ್ ಆಗುವಾಗ ಮತ್ತು ಮರಳಿ ಏಳುವಾಗ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ನಡುವೆ ಎಡವಟ್ಟಾದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತದೆ. "ಬದಲಾವಣೆಗಳನ್ನು ರದ್ದು ಮಾಡಲಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ" ಎಂಬ ಅರ್ಥದ ಇಂಗ್ಲಿಷ್ ಸಾಲು ಕಾಣುವುದು ಆಗಲೇ.

2008ರ ಫೆಬ್ರುವರಿಯಲ್ಲಿ ಈ ವ್ಯವಸ್ಥೆಯೇ ಸಿಕ್ಕಿಹಾಕಿಕೊಂಡಿತು. ವಿಸ್ತಾದ ಮೊದಲ ಸರ್ವಿಸ್ ಪ್ಯಾಕ್‌ಗೆ ಪೂರ್ವತಯಾರಿಯಾಗಿ ಬಂದ ಒಂದು ಅಪ್‌ಡೇಟ್ ಕೆಲವರ ಯಂತ್ರಗಳಲ್ಲಿ "ಮೂರನೇ ಹಂತ, ಶೇ. 0" ಎಂದು ತೋರಿಸಿ ರೀಸ್ಟಾರ್ಟ್ ಆಗುತ್ತಲೇ ಇತ್ತು. ಮೈಕ್ರೋಸಾಫ್ಟ್ ಅದರ ಹಂಚಿಕೆ ನಿಲ್ಲಿಸಿತು. ಸಿಕ್ಕಿಬಿದ್ದವರು ವಿಸ್ತಾ ಡಿವಿಡಿಯಿಂದ ಯಂತ್ರ ಎಬ್ಬಿಸಿ ರಿಪೇರಿ ಮಾಡಿಕೊಳ್ಳಬೇಕಾಯಿತು. ಡಿವಿಡಿ ಇಲ್ಲದವರ ಪಾಡು? 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7 ಇದಕ್ಕೆ ಉತ್ತರ ತಂದಿತು. ರಿಪೇರಿ ಮಾಡುವ ಪುಟ್ಟ ವ್ಯವಸ್ಥೆಯನ್ನು ಹಾರ್ಡ್ ಡಿಸ್ಕಿನಲ್ಲೇ ಇಟ್ಟುಬಿಡುವ ರೂಢಿ ಅಲ್ಲಿಂದ ಬಂತು. ಇದಕ್ಕೆ ರಿಕವರಿ ಎನ್ವಿರಾನ್‌ಮೆಂಟ್ ಎಂದು ಹೆಸರು.

ಇಲ್ಲಿಂದ ನಮಗೆ ಬೇಕಾದ ಪಾಠ ಒಂದೇ. ಹಳೇ ಭಾಗ ತೆಗೆದು ಹೊಸದು ಕೂರಿಸುವ ಆ ಕೆಲವು ನಿಮಿಷ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಗಟ್ಟಿಯಾಗಿರುವ ಹೊತ್ತು ನೋಡಿ ರೀಸ್ಟಾರ್ಟ್ ಕೊಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಸಂಖ್ಯೆ ಅಲುಗದಿದ್ದರೂ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಹಳೇ ಹಾರ್ಡ್ ಡಿಸ್ಕಿನ ಯಂತ್ರಕ್ಕೆ ಒಂದೆರಡು ಗಂಟೆ ಹಿಡಿಯುವುದೂ ಉಂಟು. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ.

ತಪ್ಪು ಅಪ್‌ಡೇಟ್‌ನದಲ್ಲ, ಒಳಗಿನ ರೋಗದ್ದು

2010ರ ಫೆಬ್ರುವರಿಯ ಅಪ್‌ಡೇಟ್ ಹಾಕಿಕೊಂಡ ಹಲವು ಎಕ್ಸ್‌ಪಿ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಜನ ಮೈಕ್ರೋಸಾಫ್ಟ್ ಅನ್ನು ಬೈದರು. ಕಂಪನಿ ಹಂಚಿಕೆ ನಿಲ್ಲಿಸಿ ತನಿಖೆ ಮಾಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಆ ಯಂತ್ರಗಳಲ್ಲಿ ಅಲ್ಯೂರಿಯನ್ ಎಂಬ ರೂಟ್‌ಕಿಟ್ ಮೊದಲೇ ಅಡಗಿ ಕೂತಿತ್ತು. ರೂಟ್‌ಕಿಟ್ ಎಂದರೆ ಕಣ್ಣಿಗೆ ಬೀಳದಂತೆ ವಿಂಡೋಸ್‌ನ ಬುಡದಲ್ಲೇ ನೆಲೆಸುವ ವೈರಸ್. ಅದು ವಿಂಡೋಸ್‌ನ ತಿರುಳು ಭಾಗ ಹೀಗೇ ಇರುತ್ತದೆ ಎಂದು ನಂಬಿ ಬರೆದದ್ದು. ಅಪ್‌ಡೇಟ್ ಆ ಭಾಗ ಬದಲಿಸಿದ ಕೂಡಲೇ ವೈರಸ್ ಮುಗ್ಗರಿಸಿತು, ಜೊತೆಗೆ ಇಡೀ ಯಂತ್ರವೂ ಬಿತ್ತು.

ಮನೆಗೆ ಸುಣ್ಣ ಬಳಿಯಲು ಹೋದಾಗ ಗೋಡೆಯೊಳಗಿನ ಗೆದ್ದಲು ಕಂಡಂತೆ ಇದು. ಅಪ್‌ಡೇಟ್ ಪದೇ ಪದೇ ಸೋಲುತ್ತಿದ್ದರೆ ವೈರಸ್ ಇದೆಯೇ ಎಂದೂ ನೋಡಬೇಕು. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಂಡ ಯಂತ್ರಗಳಲ್ಲಿ ಈ ಅನುಮಾನ ಇನ್ನೂ ಹೆಚ್ಚಿರಲಿ. ಬೀಗ ಒಡೆದು ಕೊಟ್ಟವನು ಒಳಗೆ ಏನು ಬಿಟ್ಟುಹೋಗಿದ್ದಾನೋ ಯಾರಿಗೆ ಗೊತ್ತು?

ಅಪ್‌ಡೇಟ್ ಹಾಕದಿದ್ದರೆ?

ಹಾಗಾದರೆ ಅಪ್‌ಡೇಟ್ ಆಫ್ ಮಾಡಿಬಿಟ್ಟರೆ ಆಯಿತಲ್ಲ ಎನ್ನುವವರಿಗೆ 2017ರ ಮೇ 12 ಉತ್ತರ ಕೊಡುತ್ತದೆ. ಅಂದು ಹರಡಿದ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಫೈಲ್‌ಗಳಿಗೆಲ್ಲ ಬೀಗ ಜಡಿದು, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ನಮ್ಮ ಪಕ್ಕದ ಕೇರಳದಲ್ಲಿ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರ್‌ಗಳಿಗೂ ಅದು ತಗುಲಿತು. ಆಂಧ್ರಪ್ರದೇಶದ ಪೊಲೀಸರ ಕೆಲವು ಯಂತ್ರಗಳೂ ಸಿಕ್ಕಿಕೊಂಡವು. ಹಳ್ಳಿಯ ಕಚೇರಿಯ ಕಂಪ್ಯೂಟರ್ ಮೇಲೆ ಯಾರು ಕಣ್ಣು ಹಾಕುತ್ತಾರೆ ಎಂದು ಅಂದುಕೊಳ್ಳುತ್ತೇವೆ. ಹುಳುವಿಗೆ ಊರು ಯಾವುದು ಎಂಬುದು ಬೇಕಿಲ್ಲ, ತೆರೆದ ಬಾಗಿಲಿದ್ದರೆ ಸಾಕು.

ಈ ಬಾಗಿಲು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ಅಂದರೆ 59 ದಿನ ಮೊದಲು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು, ಅವುಗಳಿಗೆ ಮದ್ದು ಲಭ್ಯವಿತ್ತು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದ್ದರೂ, ಅನಾಹುತದ ತೀವ್ರತೆ ನೋಡಿ ಮೈಕ್ರೋಸಾಫ್ಟ್ ಅದಕ್ಕೂ ತಿದ್ದುಪಡಿ ಬಿಟ್ಟಿತು.

ಬೇಡ ಎನ್ನುವ ಹಕ್ಕು ಹೋಗಿ ಬಂದದ್ದು

2015ರ ಜುಲೈ 29ರಂದು ಬಂದ ವಿಂಡೋಸ್ 10ರ ಹೋಮ್ ಆವೃತ್ತಿಯಲ್ಲಿ ಅಪ್‌ಡೇಟ್ ಬೇಡ ಎನ್ನುವ ಆಯ್ಕೆಯನ್ನೇ ತೆಗೆದರು. ಜನ ಹಾಕಿಕೊಳ್ಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬ್ಲಾಸ್ಟರ್ ಮೊದಲೇ ತೋರಿಸಿತ್ತು, ವನ್ನಾಕ್ರೈ ಮತ್ತೆ ತೋರಿಸಿತು. ಆದರೆ ಕಡ್ಡಾಯ ಮಾಡಿದವರ ಮೇಲೆ ಜವಾಬ್ದಾರಿಯೂ ಬರುತ್ತದೆ. 2018ರಲ್ಲಿ ಆ ಜವಾಬ್ದಾರಿ ತಪ್ಪಿತು.

ಆ ವರ್ಷದ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ದೊಡ್ಡ ಅಪ್‌ಡೇಟ್ ಬಿಟ್ಟರು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿದ್ದ ಫೈಲ್‌ಗಳು ಮಾಯವಾದವು. ಕೆಲವೇ ದಿನಗಳಲ್ಲಿ ಹಂಚಿಕೆ ನಿಲ್ಲಿಸಿದರು.

ಕಾರಣ ಹೀಗಿತ್ತು. ಸಿ ಡ್ರೈವ್ ತುಂಬಿದಾಗ ಡಾಕ್ಯುಮೆಂಟ್ಸ್ ಫೋಲ್ಡರಿನ ಜಾಗವನ್ನು ಡಿ ಡ್ರೈವ್‌ಗೆ ಬದಲಿಸಿಕೊಳ್ಳುವವರಿದ್ದಾರೆ. ಆಗ ಹಳೇ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಉಳಿದುಬಿಡುತ್ತದೆ. ಅದು ಖಾಲಿ ಇರುತ್ತದೆ ಎಂದುಕೊಂಡು ಹೊಸ ಅಪ್‌ಡೇಟ್ ಅಳಿಸಿಹಾಕಿತು. ಹಲವರಿಗೆ ಅದರಲ್ಲೇ ಫೈಲ್‌ಗಳಿದ್ದವು.

ಫೈಲ್ ಕಳೆದುಕೊಂಡ ವರದಿಗಳು ಹಾಕಿಕೊಂಡವರಲ್ಲಿ ಶೇ. 0.01ರಷ್ಟು ಎಂದು ಕಂಪನಿ ಹೇಳಿತು. ಅಂದರೆ ಹತ್ತು ಸಾವಿರಕ್ಕೆ ಒಂದು. ಆ ಒಬ್ಬರ ಪಾಲಿಗೆ ಅದು ನೂರಕ್ಕೆ ನೂರು. ಇನ್ನೂ ಬೇಸರದ ಸಂಗತಿ, ಬಿಡುಗಡೆಗೆ ಮೊದಲೇ ಪರೀಕ್ಷೆಗೆಂದು ಬಳಸುತ್ತಿದ್ದ ಕೆಲವರು "ಫೈಲ್ ಹೋಗುತ್ತಿವೆ" ಎಂದು ದೂರು ಬರೆದಿದ್ದರು. ಸಾವಿರಾರು ದೂರುಗಳ ರಾಶಿಯಲ್ಲಿ ಅವು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ದೂರಿನ ಜೊತೆ ಅದು ಎಷ್ಟು ಗಂಭೀರ ಎಂದು ಗುರುತು ಹಾಕುವ ಅವಕಾಶ ಕೊಟ್ಟರು. ಸರಿಪಡಿಸಿದ 1809 ಮತ್ತೆ ಬಂದದ್ದು ನವೆಂಬರ್ 13ರಂದು.

2019ರ ಮೇ ತಿಂಗಳ ಆವೃತ್ತಿಯಲ್ಲಿ ಹೋಮ್ ಬಳಕೆದಾರರಿಗೆ ಅಪ್‌ಡೇಟ್ ಅನ್ನು 35 ದಿನಗಳವರೆಗೆ ಮುಂದೂಡುವ ಹಕ್ಕು ಸಿಕ್ಕಿತು. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರಗಳಲ್ಲಿ ಸುಮಾರು 7 ಜಿಬಿ ಜಾಗವನ್ನು ಅಪ್‌ಡೇಟ್‌ಗೆಂದೇ ತೆಗೆದಿಡುವ ಏರ್ಪಾಡೂ ಬಂತು, ಏಕೆಂದರೆ ಡಿಸ್ಕ್ ತುಂಬಿ ಅಪ್‌ಡೇಟ್ ಸೋಲುವುದು ಬಲು ಸಾಮಾನ್ಯ.

2024: ಎರಡು ಪಾಠ

2024ರ ಜನವರಿ 9ರಂದು ಬಂದ ಒಂದು ವಿಂಡೋಸ್ 10 ಅಪ್‌ಡೇಟ್ ಎಷ್ಟೋ ಮನೆಗಳಲ್ಲಿ 80070643 ಎಂದು ಮುಗಿಯುವ ದೋಷಸಂಖ್ಯೆ ತೋರಿಸಿ ಸೋತಿತು. ಹಿಂದೆ ಹೇಳಿದ ರಿಕವರಿ ಎನ್ವಿರಾನ್‌ಮೆಂಟ್‌ಗೆ ಡಿಸ್ಕಿನಲ್ಲಿ ಒಂದು ಪುಟ್ಟ ಕೋಣೆ ಇರುತ್ತದೆ. ಅದರಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಹಳೇ ಯಂತ್ರಗಳಲ್ಲಿ ಅಷ್ಟಿರಲಿಲ್ಲ. ಕಂಪ್ಯೂಟರ್ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಆ ಕೋಣೆಯೇ ಇಲ್ಲದ ಯಂತ್ರಗಳಿಗೆ ಈ ಅಪ್‌ಡೇಟ್ ಬೇಕಾಗಿಲ್ಲ, ಸಂದೇಶ ನಿರ್ಲಕ್ಷಿಸಿ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿತು. "ಫೇಲ್ಡ್" ಎಂದು ಕಂಡ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎಂದಲ್ಲ. ಇಂಥ ಸಂದೇಶ ನೋಡಿ ಫಾರ್ಮ್ಯಾಟ್ ಹೊಡೆಸುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ.

ಎರಡನೆಯದು ಜುಲೈ 19ರದ್ದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಪ್ಪು ಫೈಲ್ ಒಂದು ನಮ್ಮ ಕಾಲಮಾನ ಬೆಳಗ್ಗೆ 9.39ಕ್ಕೆ ಹೊರಟಿತು. 10.57ಕ್ಕೆ ಅದನ್ನು ಸರಿಪಡಿಸಿದರು. ಆ 78 ನಿಮಿಷದಲ್ಲಿ ಬಿದ್ದ ವಿಂಡೋಸ್ ಯಂತ್ರಗಳು ಸುಮಾರು 85 ಲಕ್ಷ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಸಾಲು ಬೆಳೆಯಿತು. ದೇಶದ ಕೆಲ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು.

ಇದು ವಿಂಡೋಸ್‌ನದೇ ಅಪ್‌ಡೇಟ್ ಅಲ್ಲ, ಕಂಪನಿ-ಕಚೇರಿಗಳು ಬಳಸುವ ಭದ್ರತಾ ತಂತ್ರಾಂಶದ್ದು. ಹಾಗಾಗಿ ಮನೆಗಳಿಗೆ ಅಷ್ಟಾಗಿ ತಟ್ಟಲಿಲ್ಲ. ಆದರೆ ಪರಿಹಾರ ಏನಿತ್ತು ನೋಡಿ. ಬಹಳಷ್ಟು ಯಂತ್ರಗಳ ಮುಂದೆ ಒಬ್ಬ ಮನುಷ್ಯ ಕೂತು, ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆ ಒಂದು ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಬೇಕಿತ್ತು. ಫಾರ್ಮ್ಯಾಟ್ ಬೇಕಿರಲಿಲ್ಲ. 1995ರ ಹಳೇ ಉಪಾಯವೇ ಸಾಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದ ಕಡೆ ಮಾತ್ರ ಅದರ ರಿಕವರಿ ಕೀ ಹುಡುಕಲು ಪರದಾಡಿದರು.

ಮೆಟ್ಟಿಲು ಮೆಟ್ಟಿಲಾಗಿ

ಇಷ್ಟು ಚರಿತ್ರೆ ಕಲಿಸಿದ ಕ್ರಮ ಇದು. ಒಂದು ಮೆಟ್ಟಿಲಲ್ಲಿ ಕೆಲಸವಾದರೆ ಮುಂದಿನದಕ್ಕೆ ಹೋಗಬೇಡಿ.

1. ಕಾಯಿರಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೆ ಅಪ್‌ಡೇಟ್ ಕೊಡಿ. ದೋಷಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

2. ಸಿ ಡ್ರೈವ್‌ನಲ್ಲಿ ಜಾಗ ನೋಡಿ. 80070070 ಎಂದು ಮುಗಿಯುವ ಸಂಖ್ಯೆ ಬಂದರೆ ಡಿಸ್ಕ್ ತುಂಬಿದೆ ಎಂದೇ ಅರ್ಥ. ಸಿನಿಮಾ, ವಿಡಿಯೊಗಳನ್ನು ಬೇರೆ ಕಡೆ ಸಾಗಿಸಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು 'ಮೀಟರ್ಡ್ ಕನೆಕ್ಷನ್' ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಡೇಟಾ ಉಳಿಸಲು ವಿಂಡೋಸ್ ಅಪ್‌ಡೇಟ್ ತಾನಾಗಿ ಇಳಿಸಿಕೊಳ್ಳುವುದಿಲ್ಲ.

3. ಸೆಟ್ಟಿಂಗ್ಸ್‌ನಲ್ಲಿರುವ ವಿಂಡೋಸ್ ಅಪ್‌ಡೇಟ್ ಟ್ರಬಲ್‌ಶೂಟರ್ ಓಡಿಸಿ.

4. ಇಳಿಸಿಕೊಂಡ ಅಪ್‌ಡೇಟೇ ಕೆಟ್ಟಿರಬಹುದು. ಅವು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ 'ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್' ಎಂಬ ಫೋಲ್ಡರಿನಲ್ಲಿರುತ್ತವೆ. ಸರ್ವಿಸಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ ಎರಡನ್ನೂ ನಿಲ್ಲಿಸಿ, ಈ ಫೋಲ್ಡರಿನ ಹೆಸರು ಬದಲಿಸಿ, ರೀಸ್ಟಾರ್ಟ್ ಮಾಡಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಮತ್ತೆ ಇಳಿಸಿಕೊಳ್ಳುತ್ತದೆ. ನಿಮ್ಮ ಸ್ವಂತ ಫೈಲ್‌ಗಳಿಗೆ ಇದರಿಂದ ಏನೂ ಆಗದು.

5. ಕಣಜ ರಿಪೇರಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಐಎಸ್‌ಎಂನ 'ರಿಸ್ಟೋರ್‌ಹೆಲ್ತ್', ಆಮೇಲೆ ಎಸ್‌ಎಫ್‌ಸಿಯ 'ಸ್ಕ್ಯಾನ್‌ನೌ' ಓಡಿಸಬೇಕು. ಈ ಅನುಕ್ರಮ ಮುಖ್ಯ. ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿ ತರುವುದು ಕಣಜದಿಂದ. ಕಣಜಕ್ಕೇ ನುಸಿ ಹಿಡಿದಿದ್ದರೆ ಅದು ತರುವುದಾದರೂ ಏನನ್ನು? 2012ರ ವಿಂಡೋಸ್ 8ರೊಂದಿಗೆ ಬಂದ ರಿಸ್ಟೋರ್‌ಹೆಲ್ತ್ ಮೈಕ್ರೋಸಾಫ್ಟ್‌ನಿಂದ ಒಳ್ಳೆಯ ಪ್ರತಿ ತರಿಸಿ ಮೊದಲು ಕಣಜ ತುಂಬಿಸುತ್ತದೆ. ಇದಕ್ಕೆ ನೆಟ್ ಬೇಕು. ಜೊತೆಗೆ ವೈರಸ್ ತಪಾಸಣೆಯನ್ನೂ ಮಾಡಿ. 2010 ನೆನಪಿರಲಿ.

6. ಯಂತ್ರ ಏಳುತ್ತಲೇ ಇಲ್ಲವೇ? ಎರಡು ಮೂರು ಸಲ ಸತತವಾಗಿ ಬೂಟ್ ಆಗದಿದ್ದರೆ ವಿಂಡೋಸ್ 10, 11 ತಾವಾಗಿಯೇ ರಿಕವರಿ ಪರದೆ ತೋರಿಸುತ್ತವೆ. ಅಲ್ಲಿ 'ಟ್ರಬಲ್‌ಶೂಟ್' ಒಳಗೆ ಕೊನೆಯ ಅಪ್‌ಡೇಟ್ ತೆಗೆಯುವ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್', 'ಸಿಸ್ಟಂ ರಿಸ್ಟೋರ್', ಸೇಫ್ ಮೋಡ್ ಮೂರೂ ಇವೆ. ದೊಡ್ಡ ಅಪ್‌ಡೇಟ್ ಆದರೆ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ತಿಂಗಳುಗಟ್ಟಲೆ ಬಿಟ್ಟು ಅಂಗಡಿಗೆ ಒಯ್ದರೆ ಆ ದಾರಿ ಮುಚ್ಚಿರುತ್ತದೆ.

7. ಯಂತ್ರ ಏಳುತ್ತಿದ್ದು ಅಪ್‌ಡೇಟ್ ಮಾತ್ರ ಕೂರದಿದ್ದರೆ, ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಸೆಟಪ್ ಹಾಕಿಕೊಂಡು, ಚಾಲೂ ಇರುವ ವಿಂಡೋಸ್ ಒಳಗಿನಿಂದಲೇ ಅದನ್ನು ಓಡಿಸಬಹುದು. "ಫೈಲ್ ಮತ್ತು ಆ್ಯಪ್ ಉಳಿಸಿಕೊಳ್ಳಿ" ಎಂಬ ಅರ್ಥದ ಆಯ್ಕೆ ಒತ್ತಿದರೆ ವಿಂಡೋಸ್ ಹೊಸದಾಗುತ್ತದೆ, ನಿಮ್ಮ ಸಾಮಾನು ಹಾಗೇ ಇರುತ್ತದೆ.

8. ಇಷ್ಟಾದರೂ ಆಗಲಿಲ್ಲ ಎಂದಾಗ ಫಾರ್ಮ್ಯಾಟ್. ಅದಕ್ಕೂ ಮೊದಲು ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ, ಇಲ್ಲವೇ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಎಬ್ಬಿಸಿ ಫೈಲ್‌ಗಳನ್ನು ಹೊರಗೆ ತೆಗೆಯಬಹುದು. ವಿಂಡೋಸ್ ಬಿದ್ದಿದೆ ಎಂದರೆ ಫೈಲ್ ಹೋಗಿವೆ ಎಂದಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಇರುವುದು ಹೆಚ್ಚು. ಅದರ ರಿಕವರಿ ಕೀ ಸಾಮಾನ್ಯವಾಗಿ ನೀವು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ಈಗ ಇದೆಲ್ಲ ಯಾಕೆ?

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಕೊಟ್ಟರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಎಷ್ಟೋ ಹಳೇ ಯಂತ್ರಗಳಲ್ಲಿ ಅದಿಲ್ಲ. ಹಾಗಾಗಿ ಅಂಗಡಿಗಳಲ್ಲಿ ಅಪ್‌ಗ್ರೇಡ್ ಹೆಸರಿನಲ್ಲಿ ಫಾರ್ಮ್ಯಾಟ್ ಮಾತು ಇನ್ನೂ ಹೆಚ್ಚು ಕೇಳಿಬರುವ ಕಾಲ ಇದು.

ಸರ್ವಿಸ್ ಹುಡುಗರನ್ನು ಬೈದು ಫಲವಿಲ್ಲ. ಮೇಲಿನ ಎಂಟೂ ಮೆಟ್ಟಿಲು ಹತ್ತಿಳಿಯಲು ಅರ್ಧ ದಿನ ಬೇಕು, ಫಾರ್ಮ್ಯಾಟ್‌ಗೆ ಅಷ್ಟು ಬೇಡ. ನಾವು ಕೊಡುವ ಇನ್ನೂರು ಮುನ್ನೂರು ರೂಪಾಯಿಗೆ ಯಾರೂ ಅರ್ಧ ದಿನ ಕೂರುವುದಿಲ್ಲ. ಆದ್ದರಿಂದ ಒಯ್ಯುವಾಗಲೇ ಹೇಳಿ: "ಅಣ್ಣಾ, ಮೊದಲು ಫೈಲ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಡಿ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ. ಅದಕ್ಕೆ ಎಷ್ಟಾಗುತ್ತೋ ಕೊಡ್ತೀನಿ." ದೋಷಸಂಖ್ಯೆಯ ಫೋಟೊ ತೋರಿಸಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇನ್ನೊಂದು, ಎರಡನೇ ಮಂಗಳವಾರ ಬರುವ ಮೊದಲು ಮುಖ್ಯ ಫೈಲ್‌ಗಳನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಕಂಪ್ಯೂಟರ್‌ನಿಂದ ಕಿತ್ತು ಬೀರುವಿನಲ್ಲಿಡಿ. 2017ರ ಸುಲಿಗೆ ಹುಳುವಿಗಾಗಲಿ 2018ರ ಕೆಟ್ಟ ಅಪ್‌ಡೇಟ್‌ಗಾಗಲಿ ಬೀರುವಿನಲ್ಲಿದ್ದದ್ದು ಸಿಗುತ್ತಿರಲಿಲ್ಲ.